ದಣಿವು ಪಾಠದ್ದಲ್ಲ: ಒಬ್ಬ ವಿಜ್ಞಾನ ಶಿಕ್ಷಕಿಯ ಆಪ್ತಸಲಹೆ ಪ್ರಕರಣ

ಉಡುಪಿ ತಾಲೂಕಿನ ಕಡಲ ಬದಿಯ ಒಂದು ಸರಕಾರಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ, ನಲವತ್ತರ ನಡುವಯಸ್ಸು, ಸೇವೆಗೆ ಸೇರಿ ಹದಿನೆಂಟು ವರ್ಷದ ಮೇಲಾಗಿದೆ. ಆಕೆಯ ಒಪ್ಪಿಗೆ ಪಡೆದೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ. ನಮ್ಮ ಕಡೆ ಮಕ್ಕಳೂ ಪೋಷಕರೂ ಕರೆಯುವ ಹಾಗೆ ಇಲ್ಲಿ ಆಕೆ ಬರಿಯ 'ಟೀಚರ್'.

2025ರ ದೀಪಾವಳಿ ಕಳೆದ ಮೇಲೆ ಟೀಚರ್ ನನ್ನಲ್ಲಿಗೆ ಬಂದಾಗ ಸ್ವಯಂ ನಿವೃತ್ತಿಯ ಅರ್ಜಿಯನ್ನು ಬರೆದು ಚೀಲದಲ್ಲಿ ಇಟ್ಟುಕೊಂಡಿದ್ದರು. ಸಹಿಯೊಂದು ಬಾಕಿ ಇತ್ತು. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ದ್ವಿತೀಯ ಪಿಯುಸಿ ಓದುತ್ತಿರುವ ಮಗಳ ಮೇಲೆ ಸಣ್ಣ ಮಾತಿಗೂ ಸಿಡುಕು. ಶಾಲೆಯ ಗೇಟಿನ ಬಳಿ ಸ್ಕೂಟರ್ ನಿಲ್ಲಿಸಿದ ಮೇಲೆ ಒಳಗೆ ಹೋಗಲು ಕಾಲೇ ಏಳುತ್ತಿರಲಿಲ್ಲವಂತೆ. "ಮೊದಲು ರಜೆ ಮುಗಿಯುವುದನ್ನೇ ಕಾಯುತ್ತಿದ್ದೆ ಮೇಡಂ. ಈಗ ಜಿಲ್ಲಾಧಿಕಾರಿಗಳು ಮಳೆಗೆ ರಜೆ ಕೊಟ್ಟರೆ ಅಂದು ಉಸಿರಾಡಿದ ಹಾಗಾಗುತ್ತದೆ" ಎಂದರು.

ಗಂಡ ಸಹಕಾರಿ ಸಂಘವೊಂದರಲ್ಲಿ ಕೆಲಸದಲ್ಲಿದ್ದಾರೆ, ಸಾಧು ಮನುಷ್ಯ. "ಸಂಬಳ ಸರಿಯಾಗಿ ಬರುತ್ತದೆ, ಇನ್ನೇನು ಬೇಕು? ಅಷ್ಟೆಲ್ಲ ತಲೆಗೆ ಹಚ್ಚಿಕೊಳ್ಳಬೇಡ ಎನ್ನುತ್ತಾರೆ ಇವರು. ಇವರು ಹೇಳುವುದೇ ಸರಿ ಇರಬಹುದು" ಎಂದು ಹೇಳುವಾಗ ಟೀಚರ್ ಕಣ್ಣು ತುಂಬಿಕೊಂಡರು.

ಇಂಥ ಪ್ರಕರಣಗಳಲ್ಲಿ ಮೊದಲು ನೋಡಬೇಕಾದದ್ದನ್ನು ನೋಡಿದೆ. ಹಸಿವು, ನಿದ್ದೆ, ಸಾಯುವ ಯೋಚನೆ ಬರುತ್ತಿದೆಯೇ ಎಂಬುದನ್ನು ನೇರವಾಗಿಯೇ ಕೇಳಿದೆ. ಬರುತ್ತಿರಲಿಲ್ಲ. ಥೈರಾಯ್ಡ್, ರಕ್ತಹೀನತೆ, ಮುಟ್ಟು ನಿಲ್ಲುವ ಹೊತ್ತಿನ ಬದಲಾವಣೆ ಇವೆಲ್ಲ ಇದೇ ಮುಖ ಹೊತ್ತು ಬರಬಹುದಾದ್ದರಿಂದ ವೈದ್ಯರಲ್ಲಿಗೆ ಕಳುಹಿಸಿದೆ. ಹಿಮೋಗ್ಲೋಬಿನ್ ಕಡಿಮೆ ಇತ್ತು, ಅದಕ್ಕೆ ಔಷಧಿ ಶುರುವಾಯಿತು. ಶಿಕ್ಷಕಿಯರು ತಮ್ಮ ದೇಹದ ದಣಿವನ್ನು ಮನಸ್ಸಿನ ಬಲಹೀನತೆ ಎಂದು ಬೈದುಕೊಳ್ಳುವುದನ್ನು ನಾನು ಮತ್ತೆ ಮತ್ತೆ ಕಾಣುತ್ತೇನೆ. ಸಲಹೆಗಾರರ ಬಳಿ ಬರುವವರಿಗೆ ರಕ್ತಪರೀಕ್ಷೆ ಯಾಕೆ ಎಂದು ಯಾರೂ ಕೇಳಬಾರದು.

ಆಮೇಲೆ ಕೇಳಿದೆ: "ಈ ವರ್ಷ ನೀವು ಮಾಡಿದ್ದರಲ್ಲಿ ನಿಮಗೆ ಖುಷಿ ಕೊಟ್ಟ ಪಾಠ ಯಾವುದು?"

ಅಲ್ಲಿಯವರೆಗೆ ಮಾತಿಗೆ ತಡವರಿಸುತ್ತಿದ್ದವರು ತಡೆಯಿಲ್ಲದೆ ಹೇಳತೊಡಗಿದರು. ಎಂಟನೇ ತರಗತಿಯಲ್ಲಿ ಬಾಗಲಕೋಟೆ ಕಡೆಯ ಒಬ್ಬ ಹುಡುಗ ಇದ್ದ. ತಂದೆ ತಾಯಿ ಕಟ್ಟಡದ ಕೂಲಿಗೆ ಬಂದವರು. ತರಗತಿಯ ಉಳಿದ ಮಕ್ಕಳ ಮನೆಮಾತು ತುಳು, ಕೊಂಕಣಿ, ಬ್ಯಾರಿ. ಅವನ ಕನ್ನಡದ ಧಾಟಿಗೆ ಮಕ್ಕಳು ನಗುತ್ತಿದ್ದರು, ಅವನು ಬಾಯಿ ಬಿಡುತ್ತಿರಲಿಲ್ಲ. ಜುಲೈಯ ಒಂದು ದಿನ ಟೀಚರ್ ಮೇಜಿನ ಹತ್ತಿರ ಬಂದು ಕೇಳಿದ: "ಅಪ್ಪ ಹೊರುವ ಕೆಂಪುಕಲ್ಲಿನಲ್ಲಿ ತೂತು ಯಾಕೆ? ನಮ್ಮ ಊರಿನ ಕಲ್ಲಿನಲ್ಲಿ ಇಲ್ಲವಲ್ಲ?"

ಟೀಚರ್ ಉತ್ತರ ಹೇಳಲಿಲ್ಲ. ಆ ಕೆಂಪುಕಲ್ಲಿನ, ಅಂದರೆ ಮುರಕಲ್ಲಿನ ಒಂದು ತುಂಡು, ಅಷ್ಟೇ ಗಾತ್ರದ ಒಂದು ಕಪ್ಪುಕಲ್ಲಿನ ತುಂಡು ತರಿಸಿದರು. ಬಿಸಿಯೂಟದ ಅಡುಗೆಮನೆಯಲ್ಲಿ ಅಕ್ಕಿ ತೂಗುವ ತಕ್ಕಡಿಯಲ್ಲಿ ಎರಡನ್ನೂ ತೂಗಿ, ರಾತ್ರಿಯಿಡೀ ಬಕೆಟ್ಟಿನಲ್ಲಿ ನೆನೆಹಾಕಿ, ಮರುದಿನ ಒರೆಸಿ ಮತ್ತೆ ತೂಗಿದರು. ಕಪ್ಪುಕಲ್ಲಿನ ತೂಕ ಇದ್ದ ಹಾಗೆಯೇ ಇತ್ತು. ಮುರಕಲ್ಲಿನ ತೂಕ ಏರಿತ್ತು. ಅಲ್ಲಿಂದ ಪಾಠ ಹಬ್ಬಿತು. ಬಿಸಿಲು ಮಳೆ ಸರದಿಯಲ್ಲಿ ಬರುವ ನಾಡಿನಲ್ಲಿ ನೀರು ಬಂಡೆಯೊಳಗಿನ ಸಿಲಿಕಾದಂಥ ಅಂಶಗಳನ್ನು ನಿಧಾನವಾಗಿ ತೊಳೆದೊಯ್ಯುತ್ತದೆ. ಸುಲಭಕ್ಕೆ ಕರಗದ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು ಉಳಿಯುತ್ತವೆ. ಕೆಂಪು ಬಣ್ಣ ಆ ಕಬ್ಬಿಣದ್ದು. ನೆಲದೊಳಗೆ ಮೆತ್ತಗಿರುವ ಕಲ್ಲು ಕಡಿದು ಹೊರಗಿಟ್ಟ ಮೇಲೆ ಗಾಳಿಗೆ ಗಟ್ಟಿಯಾಗುತ್ತದೆ. ಕಲ್ಲುಕೋರೆಯಲ್ಲಿ ಕೆಲಸ ಮಾಡುವ ಪೋಷಕರೊಬ್ಬರು ಬಂದು ಅದನ್ನು ಮಕ್ಕಳಿಗೆ ಹೇಳಿದರು.

ತೂಕದ ಲೆಕ್ಕವನ್ನೆಲ್ಲ ಬರೆದ ಮೇಲೆ ಆ ಹುಡುಗ ಎದ್ದು ನಿಂತು ಹೇಳಿದ ಮಾತನ್ನು ಟೀಚರ್ ನನಗೆ ಹಾಗೆಯೇ ಹೇಳಿದರು: "ಹಾಗಾದರೆ ಮಳೆಗಾಲದಲ್ಲಿ ಅಪ್ಪ ಹೊರುವ ಭಾರ ಜಾಸ್ತಿ. ಕೂಲಿ ಅಷ್ಟೇ." ತರಗತಿ ನಗಲಿಲ್ಲ. ಮರುದಿನದಿಂದ ಮಕ್ಕಳು ಲೆಕ್ಕ ಕೇಳಲು ಅವನ ಬೆಂಚಿಗೆ ಹೋಗತೊಡಗಿದರು.

ಆ ಹುಡುಗ ದಸರಾ ರಜೆಯ ನಂತರ ಬರಲಿಲ್ಲ. ಕಟ್ಟಡದ ಕೆಲಸ ಮುಗಿದು ಕುಟುಂಬ ಹೊರಟುಹೋಗಿತ್ತು. ವರ್ಗಾವಣೆ ಪತ್ರವನ್ನೂ ಒಯ್ದಿರಲಿಲ್ಲ. "ನಾನು ರಜೆಯಲ್ಲಿ ಒಮ್ಮೆ ಅವನ ಮನೆ ಕಡೆ ಹೋಗಿ ಬರಬೇಕಿತ್ತು" ಎಂದರು ಟೀಚರ್. ರಜೆಯಲ್ಲಿ ಅವರೆಲ್ಲಿದ್ದರು? ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಗಣತಿದಾರರಾಗಿ ಮೊಬೈಲ್ ಹಿಡಿದು ಬೇರೊಂದು ಊರಿನ ಮನೆಮನೆ ಸುತ್ತುತ್ತಿದ್ದರು. ನೆಟ್‌ವರ್ಕ್ ಸಿಗದ ಮನೆಗಳಿಗೆ ಮತ್ತೆ ಮತ್ತೆ ಹೋಗಿದ್ದರು. ಸಮೀಕ್ಷೆಗಾಗಿ ಶಾಲೆಗಳ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಲಾಗಿತ್ತು. ಶಾಲೆ ತೆರೆದ ಮೇಲೆ ತಪ್ಪಿದ ಪಾಠ ತುಂಬುವ ಗಡಿಬಿಡಿ ಬೇರೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗ ವರ್ಗೀಕರಣದಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆಯೆಂದು ಕರೆದಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದಿದೆ. ಅದು ಮೂರು ಲಕ್ಷಣ ಹೇಳುತ್ತದೆ: ಶಕ್ತಿ ಬತ್ತಿದಂತಾಗುವುದು, ಕೆಲಸದಿಂದ ಮನಸ್ಸು ದೂರ ಸರಿದು ಅದರ ಬಗ್ಗೆ ಕಹಿ ಹುಟ್ಟುವುದು, ತನ್ನಿಂದ ಏನೂ ಆಗುತ್ತಿಲ್ಲ ಎನಿಸುವುದು. ಮೊದಲನೆಯದೂ ಮೂರನೆಯದೂ ಟೀಚರಲ್ಲಿ ಎದ್ದು ಕಾಣುತ್ತಿತ್ತು. ಎರಡನೆಯದರಲ್ಲಿ ನಾನು ನಿಂತು ಯೋಚಿಸಬೇಕಾಯಿತು. ಕಹಿ ಇತ್ತು, ನಿಜ. ಅದು ಮೊಬೈಲಿನ ಮೇಲೆ, ನಮೂನೆಗಳ ಮೇಲೆ, ಸಂಜೆ ಎಂಟಕ್ಕೆ 'ತುರ್ತು' ಎಂದು ಗುಂಪಿನಲ್ಲಿ ಬರುವ ಸಂದೇಶಗಳ ಮೇಲೆ. ಮಕ್ಕಳ ಮೇಲೆ ಒಂದಿಷ್ಟೂ ಇರಲಿಲ್ಲ. ಮಕ್ಕಳ ಮಾತು ಬಂದರೆ ಆಕೆಗೆ ಗಂಟೆಯ ಪರಿವೆ ಇರುತ್ತಿರಲಿಲ್ಲ.

ಆದ್ದರಿಂದಲೇ ಎಲ್ಲರೂ ಕೊಡುವ ಸಲಹೆಯನ್ನು ನಾನು ಕೊಡಲಿಲ್ಲ. ಹಚ್ಚಿಕೊಳ್ಳಬೇಡಿ, ಸಮಯಕ್ಕೆ ಹೋಗಿ ಸಮಯಕ್ಕೆ ಬನ್ನಿ ಎನ್ನುವುದು ಪಾಠದಿಂದ ದಣಿದವರಿಗೆ ಸಲ್ಲಬಹುದು. ಈಕೆಗೆ ಪಾಠವೇ ಊಟ. ಊಟ ತಪ್ಪಿ ಸೊರಗಿದವರಿಗೆ ಇನ್ನೂ ಕಡಿಮೆ ಉಣ್ಣಿ ಎನ್ನಲಾಗದು.

ಒಂದು ವಾರದ ದಿನಚರಿ ಬರೆದು ತರಲು ಹೇಳಿದೆ. ಮಕ್ಕಳೊಂದಿಗೆ ಕಳೆದ ಹೊತ್ತಿಗೆ ಒಂದು ಬಣ್ಣ, ಉಳಿದದ್ದಕ್ಕೆ ಇನ್ನೊಂದು. ತಂದ ಹಾಳೆಯನ್ನು ನೋಡಿ ಅವರೇ ಸುಮ್ಮನಾದರು. ಬೆಳಗ್ಗೆ ಹತ್ತನೇ ತರಗತಿಗೆ ವಿಶೇಷ ತರಗತಿ, ಸಂಜೆ ಮತ್ತೆ ವಿಶೇಷ ತರಗತಿ. ಅವುಗಳಲ್ಲಿ ನಡೆಯುತ್ತಿದ್ದದ್ದು ಹಿಂದುಳಿದ ಮಕ್ಕಳಿಗೆ 'ಪಾಸಿಂಗ್ ಪ್ಯಾಕೇಜ್': ಬರುವ ಸಂಭವವಿರುವ ಚಿತ್ರಗಳನ್ನು ಬಿಡಿಸಿ ಬಿಡಿಸಿ ಕೈಗೆ ಹತ್ತಿಸುವುದು, ಓಮ್‌ನ ನಿಯಮದ ಹೇಳಿಕೆಯನ್ನು ಬಾಯಿಪಾಠ ಮಾಡಿಸುವುದು. ಮಕ್ಕಳೊಂದಿಗಿನ ಬಣ್ಣದಲ್ಲಿದ್ದ ಗಂಟೆಗಳಲ್ಲೂ ಹೆಚ್ಚಿನವು ಇಂಥವೇ. ದಸರೆಯ ನಂತರ ಯಾವ ತರಗತಿಯಲ್ಲೂ ಒಂದು ಪ್ರಯೋಗ ನಡೆದಿರಲಿಲ್ಲ.

ನಮ್ಮ ಜಿಲ್ಲೆಗಳ ಫಲಿತಾಂಶದ ಬಗ್ಗೆ ನನಗೂ ಹೆಮ್ಮೆಯಿದೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಶೇ. 94 ಪಡೆದು ಉಡುಪಿ ರಾಜ್ಯಕ್ಕೆ ಮೊದಲು, 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಪಾಸಾದ ಹುಡುಗಿಗೆ ಮುಂದೆ ಓದುವ ದಾರಿ ತೆರೆಯುತ್ತದೆ, ಅದನ್ನು ಹಗುರವಾಗಿ ಕಾಣುವಂತಿಲ್ಲ. ಮೊದಲನೆಯ ಸ್ಥಾನದಿಂದ ಎರಡಕ್ಕೆ ಇಳಿದ ವರ್ಷ ಶಾಲೆಗಳಲ್ಲಿ ಆಗುವ ಸಭೆಗಳು ಹೇಗಿರುತ್ತವೆ ಎಂಬುದು ಮಾತ್ರ ಪತ್ರಿಕೆಯಲ್ಲಿ ಬರುವುದಿಲ್ಲ. "ನಿಮ್ಮ ವಿಷಯದಲ್ಲಿ ಒಂದೂ ಫೇಲ್ ಬರಬಾರದು" ಎಂಬ ಮಾತನ್ನು ಮನೆಗೆ ಒಯ್ದು ರಾತ್ರಿ ಮೂರು ಗಂಟೆಗೆ ಎದ್ದು ಕೂರುವವರು ಇಂಥ ಟೀಚರುಗಳೇ. ನಿರ್ಲಿಪ್ತರಿಗೆ ಆ ಮಾತು ತಾಗುವುದೂ ಇಲ್ಲ.

ಕೊಟ್ಟ ಸಲಹೆಯಲ್ಲಿ ಮೊದಲನೆಯದು, ವಾರಕ್ಕೆ ಒಂದು ಅವಧಿಯನ್ನು ಎಂಟನೇ ತರಗತಿಯಲ್ಲಿ ಪ್ರಶ್ನೆಗಳಿಗೇ ಮೀಸಲಿಡುವುದು. ಎಂಟನೆಯಲ್ಲಿ ಹತ್ತನೆಯ ಪರೀಕ್ಷೆಯ ಒತ್ತಡವಿಲ್ಲ. ಯಾರ ಕಣ್ಣುತಪ್ಪಿಸಿಯೂ ಮಾಡಬೇಡಿ, ಮುಖ್ಯಶಿಕ್ಷಕರಿಗೆ ಹೇಳಿ, ವೇಳಾಪಟ್ಟಿಯಲ್ಲಿ ಬರೆಯಿಸಿಕೊಂಡು ಮಾಡಿ ಎಂದೆ. ಹೇಳದೆ ಮಾಡಿದ ಒಳ್ಳೆಯ ಕೆಲಸ ಮೊದಲ ಗಡಿಬಿಡಿಗೇ ಬಲಿಯಾಗುತ್ತದೆ. ಬೇರೆ ಶಿಕ್ಷಕರು ರಜೆ ಹಾಕಿದ ದಿನವೂ ಆ ಅವಧಿಯನ್ನು ಬಿಟ್ಟುಕೊಡಕೂಡದು ಎಂದು ಒತ್ತಿ ಹೇಳಿದೆ.

ಹುಡುಗನ ವಿಷಯದಲ್ಲಿ ಎರಡು ಭೇಟಿಗಳು ಹೋದವು. ಅವನು ಹೋದದ್ದಕ್ಕೆ ದುಃಖ ಪಡುವ ಹಕ್ಕು ಟೀಚರಿಗಿದೆ, ಕೂಲಿ ಇರುವ ಕಡೆ ಕುಟುಂಬ ಸಾಗಿದ್ದಕ್ಕೆ ಅಪರಾಧಿಯಾಗುವ ಅಗತ್ಯವಿಲ್ಲ. ಇದನ್ನು ಹೇಳುವುದು ಸುಲಭ, ಹೇಳಿದ ಮಾತ್ರಕ್ಕೆ ಯಾರೂ ನಂಬುವುದಿಲ್ಲ. ಹಾಗಾಗಿ ಕೈಗೊಂದು ಕೆಲಸ ಕೊಟ್ಟೆ. ಪ್ರತಿ ಮಗುವಿಗೂ ವಿದ್ಯಾರ್ಥಿ ದಾಖಲೆಯ ಸ್ಯಾಟ್ಸ್ ಸಂಖ್ಯೆ ಇರುತ್ತದೆ. ಅವನು ಬೇರೆ ಎಲ್ಲಾದರೂ ದಾಖಲಾಗಿದ್ದಾನೆಯೇ ಎಂದು ಮುಖ್ಯಶಿಕ್ಷಕರ ಮೂಲಕ, ಸುತ್ತಲಿನ ಶಾಲೆಗಳ ಗುಂಪನ್ನು ನೋಡಿಕೊಳ್ಳುವ ಸಿ.ಆರ್.ಪಿ. ಮೂಲಕ ವಿಚಾರಿಸಿ ಎಂದೆ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದು ಎಂಟನೇ ತರಗತಿಯವರೆಗಿನ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ ಎಂಬುದೂ ಆಕೆಗೆ ಧೈರ್ಯ ಕೊಟ್ಟಿತು. ವಿಚಾರಿಸಿದಾಗ ಅವರ ಊರಿನ ಹತ್ತಿರದ ಶಾಲೆಯೊಂದರ ಹೆಸರು ಸಿಕ್ಕಿತು. ಟೀಚರ್ ಅಲ್ಲಿನ ವಿಜ್ಞಾನ ಶಿಕ್ಷಕರಿಗೆ ಫೋನ್ ಮಾಡಿ ಅವನ ಬಗ್ಗೆ, ಕಲ್ಲಿನ ಪ್ರಯೋಗದ ಬಗ್ಗೆ ಹೇಳಿದರು. ಅವನು ಬರುತ್ತಾನೆ, ಆದರೆ ದಿನಾ ಬರುವುದಿಲ್ಲ ಎಂದರಂತೆ ಆ ಶಿಕ್ಷಕರು. ಅವನು ಇಲ್ಲಿ ಬಿಟ್ಟುಹೋದ ಪ್ರಯೋಗದ ಪುಸ್ತಕವನ್ನು ಅವರಿಗೆ ಅಂಚೆಯಲ್ಲಿ ಕಳುಹಿಸಿಕೊಟ್ಟಿದ್ದಾರೆ.

ಪಾಠದಾಚೆಯ ಕೆಲಸಗಳ ಬಗ್ಗೆ ಟೀಚರಿಗೆ ಸಿಟ್ಟು ಇತ್ತು, ಸಿಟ್ಟು ನ್ಯಾಯವಾದದ್ದು. ಶಿಕ್ಷಣ ಹಕ್ಕು ಕಾಯ್ದೆ 2009ರ 27ನೇ ಸೆಕ್ಷನ್, ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವುಗಳ ಹೊರತು ಶಿಕ್ಷಕರನ್ನು ಶೈಕ್ಷಣಿಕವಲ್ಲದ ಕೆಲಸಕ್ಕೆ ನಿಯೋಜಿಸಬಾರದು ಎನ್ನುತ್ತದೆ. ಆದೇಶ ಬಂದಾಗ ಒಬ್ಬಂಟಿಯಾಗಿ ಎದುರು ನಿಲ್ಲಿ ಎಂದು ನಾನು ಹೇಳಲಾರೆ, ಅದು ಸಂಘಟನೆ ಕೈಗೆತ್ತಿಕೊಳ್ಳಬೇಕಾದ ವಿಷಯ. ಶಾಲೆಯೊಳಗಿನ ಹಂಚಿಕೆ ಮಾತ್ರ ಬೇರೆ ಮಾತು. ದಾಖಲೆ ತುಂಬುವುದು, ಹಾಲು ಮೊಟ್ಟೆಯ ಲೆಕ್ಕ, ಕಾರ್ಯಕ್ರಮಗಳ ಫೋಟೊ ಕಳುಹಿಸುವುದು, ಇವೆಲ್ಲ ಆಕೆಯ ಮೇಜಿಗೆ ಬಂದದ್ದು "ಟೀಚರ್ ಮಾಡಿದರೆ ಅಚ್ಚುಕಟ್ಟು" ಎಂಬ ಒಂದೇ ಕಾರಣಕ್ಕೆ. ಹುರುಪಿನವರ ಹೆಗಲಿಗೇ ಎಲ್ಲ ಹೊರೆ ಬೀಳುವುದು ನಮ್ಮ ಶಾಲೆಗಳ ದೊಡ್ಡ ಅನ್ಯಾಯ. ಏನೇನು ತನ್ನ ಪಾಲಿಗಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಸಿಬ್ಬಂದಿ ಸಭೆಯಲ್ಲಿ ಇಡಲು ಹೇಳಿದೆ. ದೂರಿನ ಮಾತು ಬೇಡ, ಹಂಚಿಕೊಳ್ಳೋಣ ಎಂಬ ಕೋರಿಕೆ ಸಾಕು ಎಂದೆ. ಎರಡು ಕೆಲಸಗಳು ಬೇರೆಯವರಿಗೆ ಹೋದವು. ಮೂರನೆಯದಕ್ಕೆ ಯಾರೂ ಮುಂದೆ ಬರಲಿಲ್ಲ.

ಇನ್ನೊಂದು ಸಲಹೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಪಾಠದ ಬಗ್ಗೆ ಮಾತಾಡಲು ಒಬ್ಬರಾದರೂ ಬೇಕು. ಟೀಚರ ಶಾಲೆಯ ಶಿಕ್ಷಕರ ಕೊಠಡಿಯಲ್ಲಿ ವೇತನ, ವರ್ಗಾವಣೆ, ಸುತ್ತೋಲೆ ಎಲ್ಲವೂ ಚರ್ಚೆಯಾಗುತ್ತದೆ, ಇವತ್ತು ತರಗತಿಯಲ್ಲಿ ಏನಾಯಿತು ಎಂಬುದು ಬರುವುದಿಲ್ಲ. ಕಲ್ಲಿನ ಪಾಠದ ಕಥೆಯನ್ನು ನನಗೆ ಹೇಳುವವರೆಗೂ ಆಕೆ ಯಾರಿಗೂ ಹೇಳಿರಲಿಲ್ಲ! ಅದೇ ಶಾಲೆಯಲ್ಲಿ ಗಣಿತಕ್ಕೆ ಒಬ್ಬ ಯುವ ಅತಿಥಿ ಶಿಕ್ಷಕಿ ಇದ್ದಾರೆ. ಗೌರವಧನ ಕಡಿಮೆ, ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಎಂಬ ಖಾತರಿಯಿಲ್ಲ, ಆದರೂ ಕಾಗದ ಮಡಚಿ ರೇಖಾಗಣಿತ ಕಲಿಸುತ್ತಾರಂತೆ. ಅವರ ತರಗತಿಗೆ ಹಿಂದಿನ ಬೆಂಚಿನಲ್ಲಿ ಕುಳಿತು ಬನ್ನಿ, ನಿಮ್ಮದಕ್ಕೆ ಅವರನ್ನು ಕರೆಯಿರಿ ಎಂದೆ. ಈಗ ಇಬ್ಬರೂ ಶನಿವಾರ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಕುಳಿತು ಮಾತಾಡುತ್ತಾರೆ. "ಅವಳಿಂದ ನಾನು ಕಲಿಯುತ್ತಿದ್ದೇನೆ ಮೇಡಂ" ಎಂದ ದಿನ ಟೀಚರ್ ನನ್ನೆದುರು ಮೊದಲ ಬಾರಿ ನಕ್ಕರು.

ಗಂಡನನ್ನೂ ಮಗಳನ್ನೂ ಒಮ್ಮೆ ಕರೆಸಿದ್ದೆ. ಹಚ್ಚಿಕೊಳ್ಳಬೇಡ ಎಂಬ ಮಾತು ಪ್ರೀತಿಯಿಂದ ಬಂದರೂ ಆಕೆಗೆ 'ನಿನ್ನ ಕೆಲಸ ಅಷ್ಟಕ್ಕಷ್ಟೇ' ಎಂದು ಕೇಳಿಸುತ್ತದೆ ಎಂದಾಗ ಅವರು ಸ್ವಲ್ಪ ಹೊತ್ತು ಯೋಚಿಸಿ ತಲೆಯಾಡಿಸಿದರು. ಮಗಳು ಹೇಳಿದ್ದು ಇನ್ನೂ ನೇರ: "ಅಮ್ಮ ಮನೆಗೂ ಟೀಚರ್ ಆಗಿಯೇ ಬರುತ್ತಾರೆ." ರಾತ್ರಿ ಎಂಟರ ಮೇಲೆ ಶಾಲೆಯ ಗುಂಪಿನ ಸಂದೇಶ ನೋಡುವುದಿಲ್ಲ ಎಂಬ ಒಪ್ಪಂದವಾಯಿತು. ಪರೀಕ್ಷೆಯ ದಿನಗಳು ಮಾತ್ರ ಇದಕ್ಕೆ ಹೊರತು.

ಹೀಗೆ ನಿದ್ದೆಗೆಟ್ಟು ಕುಳಿತ ಶಿಕ್ಷಕರು ಇದನ್ನು ಓದುತ್ತಿದ್ದರೆ, ಸಲಹೆಗಾರರನ್ನು ಹುಡುಕುವ ಮೊದಲೇ 14416ಕ್ಕೆ ಕರೆ ಮಾಡಬಹುದು. ಅದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲಿಯೂ ಮಾತಾಡಬಹುದು.

ಟೀಚರ ನಿದ್ದೆ ಬಹುಮಟ್ಟಿಗೆ ಸರಿಹೋಗಿದೆ. ಎಂಟನೇ ತರಗತಿಯ ಪ್ರಶ್ನೆಯ ಅವಧಿ ನಡೆಯುತ್ತಿದೆ. ಹತ್ತನೆಯ ವಿಶೇಷ ತರಗತಿಗಳು ಹಾಗೆಯೇ ಇವೆ, ಅವುಗಳನ್ನು ಕಡಿಮೆ ಮಾಡುವುದು ನಮ್ಮಿಬ್ಬರ ಕೈಯಲ್ಲಿಲ್ಲ. ಸ್ವಯಂ ನಿವೃತ್ತಿಯ ಅರ್ಜಿಯನ್ನು ಆಕೆ ಹರಿದಿಲ್ಲ, ಹರಿಯಿರಿ ಎಂದು ನಾನೂ ಹೇಳಿಲ್ಲ. ಒಂದು ಪೂರ್ತಿ ಶೈಕ್ಷಣಿಕ ವರ್ಷ ಈ ಬದಲಾವಣೆಗಳೊಂದಿಗೆ ಕಲಿಸಿ ನೋಡಿದ ಮೇಲೆ ಅದರ ಬಗ್ಗೆ ಮಾತಾಡುವುದೆಂದು ತೀರ್ಮಾನಿಸಿದ್ದೇವೆ. ಅಲ್ಲಿಯವರೆಗೆ ತಿಂಗಳಿಗೊಂದು ಭೇಟಿ.