ಬೆಂಗಳೂರು ಬಿಟ್ಟು ಶಿರಸಿಯ ಹಳ್ಳಿಗೆ ಬಂದರೂ ಫೋನು ಒಬ್ಬನೇ ಇರಲು ಬಿಡುತ್ತಿಲ್ಲವೇಕೆ?

ನೀವು ಕೇಳಿರುವುದು ಮೂರು ಸಂಗತಿಗಳನ್ನು. ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು ಶಿರಸಿಯ ಸಮೀಪದ ಹುಟ್ಟೂರಿಗೆ ಬಂದು, ತಂದೆ ತಾಯಿಯರ ಜೊತೆಗಿದ್ದುಕೊಂಡು ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತಿರುವ ನಿಮಗೆ, ಸುತ್ತ ತೋಟವೂ ಬೆಟ್ಟವೂ ಇದ್ದರೂ ಬೆಂಗಳೂರಿನಲ್ಲಿ ಸಿಗುತ್ತಿದ್ದಷ್ಟು ಏಕಾಂತ ಕೂಡ ಇಲ್ಲಿ ಸಿಗುತ್ತಿಲ್ಲವೇಕೆ ಎಂಬುದು ಮೊದಲನೆಯದು. ಸ್ಮಾರ್ಟ್‌ಫೋನನ್ನೇ ಬಿಟ್ಟರೆ ಸರಿಹೋದೀತೇ ಎಂಬುದು ಎರಡನೆಯದು. ಕರೆ ತೆಗೆಯದಿದ್ದರೆ ಕಾರವಾರದಲ್ಲಿರುವ ಅಕ್ಕ ಬೇಸರ ಮಾಡಿಕೊಳ್ಳುತ್ತಾರೆ, ಅವರಿಗೆ ಏನು ಹೇಳಲಿ ಎಂಬುದು ಕೊನೆಯದು. ನಾನು ದೂರವಾಣಿ ಇಲಾಖೆಯಲ್ಲಿ ತಂತಿ, ಕಂಬ, ಎಕ್ಸ್‌ಚೇಂಜುಗಳ ನಡುವೆ ಕೆಲಸ ಮಾಡಿ ನಿವೃತ್ತನಾದವನು. ಈಗ ಇದೇ ತಾಲ್ಲೂಕಿನಲ್ಲಿ ತೋಟ ನೋಡಿಕೊಂಡಿದ್ದೇನೆ. ಜನರನ್ನು ಪರಸ್ಪರ ಸಂಪರ್ಕಕ್ಕೆ ತರುವುದೇ ನನ್ನ ಹೊಟ್ಟೆಪಾಡಾಗಿತ್ತಾದ್ದರಿಂದ ಈ ವಿಷಯದಲ್ಲಿ ನನಗೊಂದು ಅಭಿಪ್ರಾಯವಿದೆ.

1986ರಲ್ಲಿ ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆಯಾದ ಸಿ-ಡಾಟ್‌ನ ಮೊದಲ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್ ಆರಂಭವಾದದ್ದು ನಮ್ಮ ಪಕ್ಕದ ಜಿಲ್ಲೆಯ ಕಿತ್ತೂರಿನಲ್ಲಿ. ಹವಾನಿಯಂತ್ರಣವಿಲ್ಲದೆ, ಹಳ್ಳಿಯ ಸೆಕೆ ಧೂಳುಗಳನ್ನು ತಡೆದುಕೊಂಡು ನಡೆಯುವಂತೆ ರೂಪಿಸಿದ್ದ ಆ ಪುಟ್ಟ ಯಂತ್ರದಂಥವು ಮುಂದೆ ಘಟ್ಟದ ಮೇಲಿನ ನಮ್ಮ ಊರುಗಳಿಗೂ ಬಂದವು. ಅದಕ್ಕೂ ಮೊದಲು ಟ್ರಂಕ್ ಕಾಲ್ ಕಾಯ್ದಿರಿಸಿ ತಾಸುಗಟ್ಟಲೆ ಕೂರಬೇಕಿತ್ತು. ಕರೆ ಹೋಗುವುದು ಮನೆಗೆ, ವ್ಯಕ್ತಿಗಲ್ಲ ಎಂಬುದು ಆಗ ಎಷ್ಟು ಸಹಜವಾಗಿತ್ತೆಂದರೆ, ಇಂಥವರೇ ಬೇಕು ಎನ್ನುವವರು ಪಿ.ಪಿ. ಕಾಲ್ ಎಂದು ಬೇರೆಯಾಗಿ ಹೇಳಿ ಹೆಚ್ಚಿನ ಶುಲ್ಕ ತೆರಬೇಕಿತ್ತು. ಎಸ್ಟಿಡಿ ಬಂದ ಮೇಲೂ ಈ ಮೂಲ ಲೆಕ್ಕ ಬದಲಾಗಲಿಲ್ಲ. ಫೋನು ಜಗಲಿಯಲ್ಲಿ ಇರುತ್ತಿತ್ತು. ಗಂಟೆ ಬಾರಿಸಿದಾಗ ಹತ್ತಿರ ಇದ್ದವರು ಎತ್ತುತ್ತಿದ್ದರು. ಬೇಕಾದವರು ಇಲ್ಲದಿದ್ದರೆ ‘ತೋಟಕ್ಕೆ ಹೋಗಿದ್ದಾರೆ’ ಎನ್ನುತ್ತಿದ್ದರು. ಅದೊಂದು ಪೂರ್ಣ ಉತ್ತರವಾಗಿತ್ತು. ಯಾವ ತೋಟ, ಏನು ಕೆಲಸ, ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಆಚೆಯವರು ಕೆದಕುತ್ತಿರಲಿಲ್ಲ. ‘ಬಂದ ಮೇಲೆ ಹೇಳಿ’ ಎಂದು ಇಟ್ಟುಬಿಡುತ್ತಿದ್ದರು, ಯಾರಿಗೂ ಅವಮಾನವಾಗುತ್ತಿರಲಿಲ್ಲ.

ನಮ್ಮ ಕಡೆಯ ಏಕಾಂತ ಇದ್ದದ್ದು ಅಲ್ಲಿ. ಹಿಂದಿನವರು ಕಾಡಿನ ಮಧ್ಯೆ ನೆಮ್ಮದಿಯಾಗಿ ಒಬ್ಬೊಬ್ಬರೇ ಕುಳಿತಿರುತ್ತಿದ್ದರು ಎಂಬ ಚಿತ್ರ ಪೇಟೆಯವರು ಬರೆದುಕೊಂಡದ್ದು. ಕೂಡುಕುಟುಂಬದ ಮನೆಯಲ್ಲಿ ಒಬ್ಬರಿಗೆಂದು ಕೋಣೆ ಇರಲಿಲ್ಲ, ಎಲೆಯಡಿಕೆಯ ಕವಳ ಹಾಕುವುದಕ್ಕೂ ನಾಲ್ಕು ಜನ ಸೇರುತ್ತಿದ್ದರು. ಆದರೆ ಸೊಪ್ಪಿನ ಬೆಟ್ಟದಲ್ಲಿ ದರಕು (ಉದುರಿದ ಒಣ ಎಲೆ) ಗುಡಿಸುವಾಗ, ಗದ್ದೆ ಕಾಯಲು ಮಾಳದಲ್ಲಿ ಕೂತಾಗ, ಬಿದ್ದ ಅಡಿಕೆ ಹೆಕ್ಕುವಾಗ ಯಾರೂ ನಮ್ಮ ಮೇಲೆ ಹಕ್ಕು ಸಾಧಿಸಲಾಗದಂಥ ಒಂದಷ್ಟು ಹೊತ್ತು ತಾನಾಗಿ ಒದಗುತ್ತಿತ್ತು. ಅದು ನಮ್ಮ ಸಾಧನೆಯಲ್ಲ. ಮನೆಯಲ್ಲಿ ಉಳಿದವರು ನಮ್ಮ ಪರವಾಗಿ ಉತ್ತರ ಕೊಡುತ್ತಿದ್ದರು, ಕೇಳುವವರು ಅದನ್ನು ಒಪ್ಪುತ್ತಿದ್ದರು. ಎರಡೂ ಕೂಡಿದಾಗ ಮಾತ್ರ ಅದು ಸಾಧ್ಯವಾಗುತ್ತಿತ್ತು. ಮೊಬೈಲು ಕಿಸೆಗೆ ಬಂದಾಗ ಕಳೆದುಹೋದದ್ದು ಈ ಏರ್ಪಾಡು. ಈಗ ಯಾರೂ ತೋಟಕ್ಕೆ ಹೋಗಿರುವುದಿಲ್ಲ. ತೋಟದಲ್ಲಿದ್ದೂ ಫೋನು ತೆಗೆಯದವರಾಗಿರುತ್ತಾರೆ.

ಆದರೆ ಆ ಏರ್ಪಾಡನ್ನು ಹೊಗಳುವಾಗ ಯಾರ ಖರ್ಚಿನಲ್ಲಿ ಅದು ನಡೆಯುತ್ತಿತ್ತು ಎಂಬುದನ್ನು ಮರೆಯಬಾರದು. ಗಂಟೆ ಬಾರಿಸಿದಾಗ ಒಲೆಯ ಮುಂದಿನಿಂದ ಎದ್ದು ಬರುತ್ತಿದ್ದವರು ಹೆಂಗಸರು. ಗಂಡಸರಿಗೆ ತೋಟವಿತ್ತು, ಅವರಿಗೆ ಇರಲಿಲ್ಲ. ತವರಿನಿಂದ ಕರೆ ಬಂದರೆ ಸೊಸೆಯಾದವಳು ಜಗಲಿಯ ನಡುವೆ ನಿಂತು, ಮಾವ ಪತ್ರಿಕೆ ಓದುತ್ತಿರುವಂತೆ ಕಂಡರೂ ಕಿವಿ ಇತ್ತಲೇ ಇಟ್ಟಿರುವಾಗ, ‘ಹೌದು’, ‘ಇಲ್ಲ’, ‘ಎಲ್ಲ ಆರಾಮ’ ಎಂಬ ಮೂರು ಮಾತುಗಳಲ್ಲಿ ತನ್ನ ಕಷ್ಟಸುಖವನ್ನೆಲ್ಲ ಮುಗಿಸಬೇಕಿತ್ತು. ಲೈನ್ ಸರಿಪಡಿಸಲು ಮನೆಮನೆಗೆ ಹೋಗುತ್ತಿದ್ದ ನಾನು ಇದನ್ನು ಬೇಕಾದಷ್ಟು ಕಂಡಿದ್ದೇನೆ. ಅಂಥವರಿಗೆ ಖಾಸಗಿಯಾದ ಒಂದು ಮಾತು ಸಾಧ್ಯವಾದದ್ದು ಮೊಬೈಲಿನಿಂದ. ಹಿತ್ತಿಲಿಗೆ ಹೋಗಿ ತಾಯಿಯೊಡನೆ ಹತ್ತು ನಿಮಿಷ ಮಾತಾಡಿ ಬರುವ ಹೆಂಗಸಿಗೆ ಡಿಜಿಟಲ್ ಸಂಪರ್ಕ ಏಕಾಂತವನ್ನು ಕಸಿಯಿತು ಎಂದು ನಾವು ಉಪದೇಶ ಮಾಡಿದರೆ ಆಕೆ ನಕ್ಕಾಳು. ಮಕ್ಕಳೆಲ್ಲ ಬೆಂಗಳೂರು, ಅಮೆರಿಕ ಸೇರಿ ಮುದುಕರಿಬ್ಬರೇ ಉಳಿದಿರುವ ದೊಡ್ಡ ಮನೆಗಳು ನಮ್ಮ ಕೇರಿಕೇರಿಯಲ್ಲಿವೆ. ಅಲ್ಲಿ ಸಂಜೆಯ ವಿಡಿಯೊ ಕರೆಗಾಗಿ ಐದು ಗಂಟೆಯಿಂದಲೇ ಚಾರ್ಜ್ ನೋಡಿಕೊಂಡು ಕಾಯುತ್ತಾರೆ. ಅವರಲ್ಲಿ ಕೊರತೆಯಿರುವುದು ಮಾತಿಗೆ, ಮೌನಕ್ಕಲ್ಲ.

ಇನ್ನು ಬೆಂಗಳೂರಿಗಿಂತ ಇಲ್ಲಿಯೇ ಏಕೆ ಹೆಚ್ಚು ತೊಂದರೆ? ಅಲ್ಲಿ ನಿಮ್ಮನ್ನು ಕೇಳುವವರು ಇಬ್ಬರು ಮೂವರು. ನೆರೆಯವರಿಗೆ ನಿಮ್ಮ ಹೆಸರೂ ತಿಳಿದಿರಲಿಕ್ಕಿಲ್ಲ. ಇಲ್ಲಿ ಕಂಪನಿಯ ಜೊತೆಗೆ ಊರೂ ನಿಮ್ಮನ್ನು ಕೇಳುತ್ತದೆ. ಕುಟುಂಬದ ವಾಟ್ಸಾಪ್ ಗುಂಪು, ಊರಿನ ಗುಂಪು, ದೇವಸ್ಥಾನದ ಗುಂಪು, ಶಾಲೆಯ ಹಳೆಯ ವಿದ್ಯಾರ್ಥಿಗಳ ಗುಂಪು, ಅಡಿಕೆ ಧಾರಣೆಯ ಗುಂಪು. ಮದುವೆಯ ಕರೆಯೋಲೆ, ಸಾವಿನ ಸುದ್ದಿ, ಕರೆಂಟು ಹೋದ ಸುದ್ದಿ, ಮಂಗ ಬಂದ ಸುದ್ದಿ ಎಲ್ಲವೂ ಅಲ್ಲೇ. ಮನೆಯಲ್ಲಿ ಕುಳಿತವನು ಕೆಲಸದಲ್ಲಿದ್ದಾನೆಂದು ಹಳ್ಳಿಯ ಕಣ್ಣು ಸುಲಭವಾಗಿ ಒಪ್ಪುವುದಿಲ್ಲ, ಕಂಪ್ಯೂಟರ್ ಮುಂದಿದ್ದರೂ ನೀವು ‘ಮನೆಯಲ್ಲೇ ಇದ್ದಾನಲ್ಲ’ ಎಂಬ ಲೆಕ್ಕಕ್ಕೇ ಸೇರುತ್ತೀರಿ. ಅತ್ತ ಕಂಪನಿಯೂ ಮನೆಯಲ್ಲಿರುವವನಿಗೆ ರಾತ್ರಿ ಒಂಬತ್ತಕ್ಕೆ ಕರೆ ಮಾಡಿದರೆ ತಪ್ಪಿಲ್ಲ ಎಂದುಕೊಳ್ಳುತ್ತದೆ. ಎರಡು ಕಾಲದ, ಎರಡು ರೀತಿಯ ಹಕ್ಕುದಾರರು ಒಂದೇ ಉಪಕರಣದ ಮೂಲಕ ನಿಮ್ಮ ಬಳಿಗೆ ಬರುತ್ತಿದ್ದಾರೆ.

ಫೋನಿನ ರಚನೆಯೇ ಇದನ್ನು ಇನ್ನಷ್ಟು ಬಿಗಿಗೊಳಿಸಿದೆ. 2014ರ ನವೆಂಬರಿನಲ್ಲಿ ವಾಟ್ಸಾಪ್ ನೀಲಿ ಗೆರೆಗಳನ್ನು ತಂದಿತು. ಓದಿದ್ದೀರಿ ಎಂಬುದು ಕಳಿಸಿದವರಿಗೆ ಕಾಣತೊಡಗಿತು. ಅಲ್ಲಿಯವರೆಗೆ ಪತ್ರಕ್ಕೋ ಸಂದೇಶಕ್ಕೋ ಉತ್ತರ ತಡವಾದರೆ ತಲುಪಿಲ್ಲವೇನೋ ಎಂಬ ಸಂಶಯದ ಲಾಭ ನಮಗೆ ಸಿಗುತ್ತಿತ್ತು, ಅದು ಅಂದಿಗೆ ಮುಗಿಯಿತು. ಸುಮ್ಮನಿರುವುದೇ ಒಂದು ಉತ್ತರವಾಗಿ, ಅದೂ ಒರಟು ಉತ್ತರವಾಗಿ ಕಾಣುವಂತಾಯಿತು. ಆ ಗೆರೆಗಳನ್ನು ಸೆಟ್ಟಿಂಗಿನಲ್ಲಿ ನಿಲ್ಲಿಸಬಹುದು, ನಿಲ್ಲಿಸಿ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಉಳಿದದ್ದೂ ಕೂಡಿಕೊಂಡಿತು. ಕೊನೆಯೇ ಇಲ್ಲದೆ ಉರುಳುವ ವಿಡಿಯೊಗಳ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ನಾನು ಅದನ್ನು ಬಿಡುತ್ತೇನೆ. ಅದು ನಾವಾಗಿ ಕಳೆದುಕೊಳ್ಳುವ ಹೊತ್ತು. ನಿಮ್ಮನ್ನು ಕಾಡುತ್ತಿರುವುದು ಬೇರೆಯವರು ಯಾವಾಗ ಬೇಕಾದರೂ ಕೇಳಬಹುದಾದ ಹೊತ್ತು.

ಹಾಗಾದರೆ ಸಿಗ್ನಲ್ ಇಲ್ಲದ ಜಾಗಕ್ಕೆ ಹೋದರೆ? ದೇವಿಮನೆ ಘಟ್ಟದ ತಿರುವುಗಳಲ್ಲಿ ಫೋನು ಸತ್ತಾಗ ನನಗೂ ಸುಖವೆನಿಸುತ್ತದೆ, ಆದರೆ ಅದು ಘಟ್ಟ ಇಳಿಯುವಷ್ಟು ಹೊತ್ತಿನ ಸುಖ. ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ ಹೋಗಿ, ಟವರಿನ ಬ್ಯಾಟರಿಯೂ ಮುಗಿದು, ಎರಡು ದಿನ ಇಡೀ ಊರಿಗೆ ಸಂಪರ್ಕ ಕಡಿದಾಗ ಯಾರೂ ಏಕಾಂತವನ್ನು ಅನುಭವಿಸುವುದನ್ನು ನಾನು ಕಂಡಿಲ್ಲ; ಎಲ್ಲರೂ ಫೋನನ್ನು ಎತ್ತಿ ಹಿಡಿದು ಅಂಗಳದಿಂದ ರಸ್ತೆಗೆ, ರಸ್ತೆಯಿಂದ ಗುಡ್ಡಕ್ಕೆ ನಡೆಯುತ್ತಾರೆ. 2020ರಲ್ಲಿ ಆನ್‌ಲೈನ್ ಪಾಠಕ್ಕಾಗಿ ಈ ಜಿಲ್ಲೆಯ ಮಕ್ಕಳು ಗುಡ್ಡದ ತುದಿಯಲ್ಲಿ ಕುಳಿತರು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ, ಆ ದಾರಿಯಲ್ಲಿ ಹೊರಟಿದ್ದವರ ಮನೆಯವರೆಲ್ಲ ಮೊದಲು ಕೈಗೆತ್ತಿಕೊಂಡದ್ದು ಫೋನನ್ನು. ಅಡಿಕೆ ಮರ ಏರುವ ಕೊನೆಗೌಡನೂ, ಹಾವಿರುವ ತೋಟದಲ್ಲಿ ಒಬ್ಬರೇ ತಿರುಗುವವರೂ ಫೋನು ಮನೆಯಲ್ಲಿಟ್ಟು ಹೋಗಲಿ ಎಂದು ನಾನಂತೂ ಹೇಳಲಾರೆ. ಆದ್ದರಿಂದ ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ‘ಬೇಡ’ ಎಂಬುದೇ. ಸ್ಮಾರ್ಟ್‌ಫೋನ್ ಬಿಟ್ಟರೆ ನಿಮ್ಮ ಕೆಲಸಕ್ಕೂ ಕುತ್ತು, ಮನೆಯವರಿಗೂ ಆತಂಕ.

ಅಲ್ಲದೆ, ಫೋನು ಹೋದಾಕ್ಷಣ ಮನಸ್ಸು ತಾನಾಗಿ ಶಾಂತವಾಗುತ್ತದೆ ಎಂಬುದಕ್ಕೂ ಆಧಾರ ಕಡಿಮೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಟಿಮೊಥಿ ವಿಲ್ಸನ್ ಮತ್ತು ಸಂಗಡಿಗರು 2014ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಬರಿಯ ಕೋಣೆಯಲ್ಲಿ 15 ನಿಮಿಷ ತಮ್ಮ ಯೋಚನೆಗಳೊಂದಿಗೆ ಕೂರಲು ಹೇಳಿ, ಬೇಕೆನಿಸಿದರೆ ಒತ್ತಿಕೊಳ್ಳಲು ಸಣ್ಣ ವಿದ್ಯುತ್ ಆಘಾತದ ಗುಂಡಿಯೊಂದನ್ನು ಕೊಟ್ಟಾಗ, 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಅದನ್ನು ಒತ್ತಿಕೊಂಡರು. ಆ ಆಘಾತವನ್ನು ತಪ್ಪಿಸಿಕೊಳ್ಳಲು ಹಣ ಕೊಡಲೂ ಸಿದ್ಧ ಎಂದು ಮೊದಲೇ ಹೇಳಿದ್ದವರು ಅವರು. ಪ್ರಯೋಗ ಚಿಕ್ಕದು, ಅದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟಬೇಕಾಗಿಲ್ಲ. ಆದರೂ ಒಬ್ಬನೇ ಕೂರಲಾರದ ಚಡಪಡಿಕೆಗೆ ಫೋನೊಂದೇ ಕಾರಣವಲ್ಲ ಎಂದು ತಿಳಿಯಲು ಇಷ್ಟು ಸಾಕು. ನನಗೆ ಇದಕ್ಕಿಂತ ಹೆಚ್ಚು ಉಪಯುಕ್ತವಾಗಿ ಕಂಡದ್ದು ಇಂಗ್ಲೆಂಡಿನ ಮಕ್ಕಳ ವೈದ್ಯ, ಮನೋವಿಶ್ಲೇಷಕ ಡೊನಾಲ್ಡ್ ವಿನ್ನಿಕಾಟ್ 1958ರಲ್ಲಿ ಬರೆದ ಮಾತು. ಒಬ್ಬನೇ ಇರುವ ಸಾಮರ್ಥ್ಯವನ್ನು ಮಗು ಕಲಿಯುವುದು ತಾಯಿ ದೂರವಿದ್ದಾಗ ಅಲ್ಲ, ಹತ್ತಿರವೇ ಇದ್ದು, ಏನನ್ನೂ ಕೇಳದೆ ಅದರ ಪಾಡಿಗೆ ಆಡಲು ಬಿಟ್ಟಾಗ ಎಂಬುದು ಅವರ ವಾದದ ತಿರುಳು. ಜಗಲಿಯ ಫೋನೆತ್ತಿ ನಮ್ಮ ಪರವಾಗಿ ಉತ್ತರಿಸುತ್ತಿದ್ದವರು ಮಾಡುತ್ತಿದ್ದುದು ಹೆಚ್ಚುಕಡಿಮೆ ಇದನ್ನೇ.

ಕಾರವಾರದ ಕಡಲಿಗೂ ಈ ವಿಚಾರಕ್ಕೂ ಹಳೆಯ ನಂಟಿದೆ. 1883ರಲ್ಲಿ, ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ತಂಗಿದ್ದ ಇಪ್ಪತ್ತೆರಡರ ತರುಣ ರವೀಂದ್ರನಾಥ ಠಾಕೂರರು ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕ ಬರೆದರು. ಎಲ್ಲ ಬಂಧಗಳನ್ನು ಕಡಿದುಕೊಂಡು ಲೋಕವನ್ನು ಗೆಲ್ಲಹೊರಟ ಸನ್ಯಾಸಿಯನ್ನು ಒಬ್ಬ ಪುಟ್ಟ ಹುಡುಗಿಯ ಮೇಲಿನ ಮಮತೆ ಮತ್ತೆ ಮನುಷ್ಯರ ನಡುವೆ ಎಳೆತರುತ್ತದೆ. ಆ ಕಡಲತೀರಕ್ಕೆ ಈಗ ಠಾಕೂರರ ಹೆಸರೇ ಇದೆ. ವಾರಾಂತ್ಯದಲ್ಲಿ ಅಕ್ಕನ ಮನೆಗೆ ಹೋದಾಗ ಅಲ್ಲಿ ಸೆಲ್ಫಿ ತೆಗೆಯುವವರನ್ನು ನೀವು ಕಂಡಿರುತ್ತೀರಿ.

ಈಗ ಮಾಡಬೇಕಾದದ್ದು. ಕಂಪನಿಯ ವಿಷಯದಲ್ಲಿ ಕಾನೂನು ನಿಮ್ಮ ಬೆನ್ನಿಗಿಲ್ಲ. ಕೆಲಸದ ಹೊತ್ತಿನ ಹೊರಗೆ ಸಂಪರ್ಕದಿಂದ ದೂರವಿರುವ ಹಕ್ಕಿನ ಬಗ್ಗೆ ಫ್ರಾನ್ಸಿನಲ್ಲಿ 2017ರ ಜನವರಿ 1ರಿಂದ ಕಾಯ್ದೆಯಿದೆ, ಆಸ್ಟ್ರೇಲಿಯ 2024ರಲ್ಲಿ ತಂದಿತು. ನಮ್ಮಲ್ಲಿ ಸಂಸದೆ ಸುಪ್ರಿಯಾ ಸುಳೆ ಖಾಸಗಿ ಮಸೂದೆ ಮಂಡಿಸಿದರಾದರೂ ಅದು ಕಾಯ್ದೆಯಾಗಲಿಲ್ಲ. ಹೀಗಾಗಿ ನಿಮ್ಮ ಮೇಲಧಿಕಾರಿಯೊಡನೆ ನೀವೇ ಮಾತಾಡಿ, ಸಂಜೆ ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ ಸಂದೇಶ ನೋಡುವುದಿಲ್ಲ, ತುರ್ತಾದರೆ ಕರೆ ಮಾಡಿ ಎಂದು ಬರವಣಿಗೆಯಲ್ಲೇ ತಿಳಿಸಿ. ಕಾರಣ ಹೇಳಿ ಮುಂಚಿತವಾಗಿ ತಿಳಿಸಿದ ಗೈರುಹಾಜರಿಯನ್ನು ಜನ ಸಹಿಸುತ್ತಾರೆ. ಕಾರಣವಿಲ್ಲದ ಮೌನವನ್ನು ಸಹಿಸುವುದಿಲ್ಲ. ಊರಿನ ಗುಂಪುಗಳಿಗೂ ಇದೇ ಸಾಕು, ಗುಂಪು ಬಿಟ್ಟು ಹೊರನಡೆದು ಚರ್ಚೆಗೆ ವಸ್ತುವಾಗಬೇಡಿ, ಸದ್ದು ನಿಲ್ಲಿಸಿ ದಿನಕ್ಕೊಮ್ಮೆ ನೋಡಿ.

ಮನೆಯಲ್ಲಿ ನೀವು ಮಾಡಬಹುದಾದದ್ದು ಇನ್ನೂ ಸರಳ. ದಿನದಲ್ಲಿ ಒಂದೆರಡು ತಾಸು ನಿಮ್ಮ ಸ್ಮಾರ್ಟ್‌ಫೋನನ್ನು ಜಗಲಿಯಲ್ಲಿ ಗಂಟೆ ಕೇಳುವಂತೆ ಇಟ್ಟು, ಹತ್ತಿರದವರಿಗಷ್ಟೇ ಗೊತ್ತಿರುವ ಸಂಖ್ಯೆಯ ಸಾದಾ ಬಟನ್ ಫೋನನ್ನು ಕಿಸೆಯಲ್ಲಿಟ್ಟುಕೊಂಡು ತೋಟಕ್ಕೆ ಇಳಿಯಿರಿ. ಅಪ್ಪನೋ ಅಮ್ಮನೋ ಕರೆ ತೆಗೆದು ನೀವು ಎಲ್ಲಿದ್ದೀರೆಂದು ಹೇಳಲಿ. ಆದರೆ ಆ ಕೆಲಸ ಅಮ್ಮನ ತಲೆಗೇ ಬೀಳದಂತೆ ನೋಡಿಕೊಳ್ಳಿ, ಅವರಿಗೂ ಮಧ್ಯಾಹ್ನ ಒಂದಷ್ಟು ಹೊತ್ತು ಯಾರೂ ಕೇಳದಂತೆ ಇರಬೇಕೆನಿಸಬಹುದು. ಆಗ ಅವರ ಫೋನನ್ನು ನೀವೆತ್ತಿ, ಅಮ್ಮ ಈಗ ಸಿಗುವುದಿಲ್ಲ ಎನ್ನಿ. ಕೇಳಿದವರು ಆಶ್ಚರ್ಯಪಟ್ಟರೆ ಪಡಲಿ.

ಅಕ್ಕನ ವಿಷಯ. ನೀವು ತೆಗೆಯದ ಒಂದು ಕರೆಗಾಗಿ ಅವರು ಬೇಸರಪಟ್ಟಂತೆ ನನಗೆ ಕಾಣುವುದಿಲ್ಲ. ಅಪ್ಪ ಅಮ್ಮನಿಗೆ ಏನಾದರೂ ಆದರೆ ತಿಳಿಯುವುದೋ ಇಲ್ಲವೋ ಎಂಬ ಭಯ ದೂರದಲ್ಲಿರುವವರಿಗೆಲ್ಲ ಇರುತ್ತದೆ. ಬಟನ್ ಫೋನಿನ ಸಂಖ್ಯೆಯನ್ನು ಮೊದಲು ಅವರಿಗೇ ಕೊಡಿ. ಕೆಲಸದ ಹೊತ್ತಿನಲ್ಲಿ ಸ್ಮಾರ್ಟ್‌ಫೋನಿನ ಸದ್ದು ತಡೆಯುವ ಸೌಲಭ್ಯವನ್ನು ಹಾಕುವಾಗ, ಒಂದೇ ಸಂಖ್ಯೆಯಿಂದ ಬೇಗನೆ ಎರಡನೆಯ ಸಲ ಕರೆ ಬಂದರೆ ಗಂಟೆ ಬಾರಿಸುವಂತೆ ಮಾಡುವ ಆಯ್ಕೆಯೂ ಅಲ್ಲೇ ಇರುತ್ತದೆ. ಅದನ್ನು ಚಾಲೂ ಮಾಡಿ, ಮುಂದಿನ ಸಲ ಕಾರವಾರಕ್ಕೆ ಹೋದಾಗ ಅವರ ಎದುರಿಗೇ ಎರಡು ಸಲ ಕರೆ ಮಾಡಿಸಿ ತೋರಿಸಿ. ಜೊತೆಗೆ ಅವರಿಗೆ ಅನುಕೂಲವಾದ ಒಂದು ಹೊತ್ತು ಕೇಳಿಕೊಂಡು, ದಿನವೂ ಆ ಹೊತ್ತಿಗೆ ನೀವಾಗಿಯೇ ಕರೆ ಮಾಡಿ.