ಜಿಡಿಬಿ ಡೀಬಗ್ಗರಿಗೆ ನಮ್ಮದೇ ಗ್ರಾಫಿಕಲ್ ಇಂಟರ್‌ಫೇಸ್ ಮಾಡುವಾಗ ಎರಡನ್ನೂ ಹೇಗೆ ಜೋಡಿಸುವುದು?

ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ ತಪ್ಪು ಹುಡುಕಲಿಕ್ಕೆ ಇರುವ ಜಿಡಿಬಿ ಟರ್ಮಿನಲ್‌ಗೆ ಕೊಡುವ ಔಟ್‌ಪುಟ್ಟನ್ನು ರೆಗ್ಯುಲರ್ ಎಕ್ಸ್‌ಪ್ರೆಶನ್ (ಅಕ್ಷರಗಳ ಮಾದರಿ ಹುಡುಕುವ ಸೂತ್ರ) ಹಾಕಿ ಓದುತ್ತಿದ್ದೀರಿ, ಆದರೆ ವಿಂಡೋದಲ್ಲಿ ಆಗಾಗ ತಪ್ಪು ಸಾಲು ಕಾಣಿಸುತ್ತದೆ ಅಂತ ಬರೆದಿದ್ದೀರಿ. ಆ ದಾರಿ ಬಿಟ್ಟುಬಿಡಿ ಮಾರಾಯ್ರೆ. ಆ ಔಟ್‌ಪುಟ್ ಇರುವುದು ಮನುಷ್ಯರು ಓದಲಿಕ್ಕೆ. ಮುಂದಿನ ಆವೃತ್ತಿಯಲ್ಲಿ ಒಂದು ಪದ ಆಚೀಚೆ ಆದರೂ ನಿಮ್ಮ ಕೆಲಸ ನಿಂತಿತು.

ಬೇರೆ ಪ್ರೋಗ್ರಾಮುಗಳು ಮಾತಾಡಲಿಕ್ಕೆಂದೇ ಜಿಡಿಬಿಯಲ್ಲಿ ಎಂಐ, ಅಂದರೆ ಮೆಷಿನ್ ಇಂಟರ್‌ಫೇಸ್ ಉಂಟು. ಇಂಟರ್‌ಪ್ರಿಟರ್ ಆಯ್ಕೆಯಲ್ಲಿ ಬರೀ ಎಂಐ ಎನ್ನದೆ ಎಂಐ3 ಎಂದು ನಂಬರ್ ಸಮೇತ ಕೊಡಿ. ನಂಬರ್ ಇಲ್ಲದಿದ್ದರೆ ಆ ಜಿಡಿಬಿಯಲ್ಲಿರುವ ಅತಿ ಹೊಸ ರೂಪವೇ ಬರುತ್ತದೆ. ಪ್ರತಿ ಸಾಲಿನ ಗುರುತು ಮೊದಲಲ್ಲೇ ಸಿಗುತ್ತದೆ: ^ ಇದ್ದರೆ ನಿಮ್ಮ ಆದೇಶಕ್ಕೆ ಉತ್ತರ, * ಇದ್ದರೆ ಪ್ರೋಗ್ರಾಮ್ ಓಡಿತು ಅಥವಾ ನಿಂತಿತು, = ಇದ್ದರೆ ಬೇರೇನೋ ಬದಲಾಗಿದೆ, ~ ಇದ್ದರೆ ಕನ್ಸೋಲಿನ ಮಾತು. ಆದೇಶದ ಮುಂದೆ ನೀವೊಂದು ಅಂಕಿ ಹಾಕಿದರೆ ಉತ್ತರದ ಮುಂದೆಯೂ ಅದೇ ಅಂಕಿ ಬರುತ್ತದೆ, ಯಾವುದಕ್ಕೆ ಯಾವ ಉತ್ತರ ಎಂಬ ಗೊಂದಲ ಇಲ್ಲ.

ಆದರೆ ಎಂಐ ಹಾಕಿದ ಮಾತ್ರಕ್ಕೆ ಎಲ್ಲ ಸರಿಯಾಗುವುದಿಲ್ಲ. ಪ್ರೋಗ್ರಾಮಿನ ಸ್ಥಿತಿ ಗೊತ್ತಿರುವುದು ಡೀಬಗ್ಗರಿಗೆ ಮಾತ್ರ. ಅದು ಹೇಳಿದ್ದನ್ನಷ್ಟೇ ವಿಂಡೋ ತೋರಿಸಬೇಕು, ತಾನಾಗಿ ಊಹಿಸಬಾರದು. ನಾನು ಇದನ್ನು ಇಷ್ಟು ಒತ್ತಿ ಹೇಳಲಿಕ್ಕೆ ಕಾರಣ ಉಂಟು. ಬಳಕೆದಾರ 40ನೇ ಸಾಲಿನ ಮೇಲೆ ಕ್ಲಿಕ್ ಮಾಡಿದ ಎಂದಿಟ್ಟುಕೊಳ್ಳಿ. ಅಲ್ಲಿರುವುದು ಬರೀ ಕಾಮೆಂಟ್, ಓಡುವ ಕೋಡ್ ಅಲ್ಲ. ಜಿಡಿಬಿ ಬ್ರೇಕ್‌ಪಾಯಿಂಟನ್ನು, ಅಂದರೆ ಪ್ರೋಗ್ರಾಮ್ ನಿಲ್ಲಬೇಕಾದ ಗುರುತನ್ನು, 42ಕ್ಕೆ ಹಾಕಿ, ಉತ್ತರದಲ್ಲಿ 42 ಎಂದೇ ಹೇಳುತ್ತದೆ. ಕ್ಲಿಕ್ ಮಾಡಿದ ಕೂಡಲೇ ನೀವು 40ರಲ್ಲಿ ಕೆಂಪು ಚುಕ್ಕೆ ಇಟ್ಟುಬಿಟ್ಟರೆ ವಿಂಡೋ ಸುಳ್ಳು ಹೇಳಿದ ಹಾಗೆ. ಉತ್ತರ ಬಂದ ಮೇಲೆ ಚುಕ್ಕೆ ಇಡಿ.

ಇನ್ನೊಂದು ಸೂಕ್ಷ್ಮ: ಬ್ರೇಕ್‌ಪಾಯಿಂಟನ್ನು ನೀವು ಎಂಐ ಆದೇಶದಿಂದ ಹಾಕಿದರೆ ವಿವರ ^ ಸಾಲಿನಲ್ಲೇ ಬರುತ್ತದೆ, = ಸಾಲು ಪ್ರತ್ಯೇಕ ಬರುವುದಿಲ್ಲ. ಬಳಕೆದಾರ ಕನ್ಸೋಲಿನಲ್ಲಿ ಕೈಯಾರೆ ಟೈಪ್ ಮಾಡಿ ಹಾಕಿದರೆ = ಸಾಲಿನಲ್ಲಿ ಬರುತ್ತದೆ. ಎರಡೂ ಒಂದೇ ಫಂಕ್ಷನ್ನಿಗೆ ಹೋಗಿ ಒಂದೇ ಪಟ್ಟಿಯನ್ನು ತಿದ್ದಬೇಕು. ವಿಂಡೋದಲ್ಲಿ ಚಿತ್ರ ಬಿಡಿಸುವ ಕೋಡ್ ಆ ಪಟ್ಟಿಯನ್ನು ಮಾತ್ರ ನೋಡಬೇಕು.

ನಾನು ಉಡುಪಿಯಲ್ಲಿದ್ದುಕೊಂಡು ಮಲ್ಪೆಯ ಬೋಟುಗಳ ಅಡಿಯಲ್ಲಿ ಸೇರುವ ನೀರು ತೆಗೆಯುವ ಪಂಪಿನ ಬೋರ್ಡುಗಳಿಗೆ ಕೋಡ್ ಬರೆಯುವವನು. ಬಂದರಿನಲ್ಲಿ ಬೋಟಿನೊಳಗೆ ಕೂತು ಸೀರಿಯಲ್ ಕೇಬಲಿನಲ್ಲಿ ಡೀಬಗ್ ಮಾಡುವಾಗ, ಕಂಟಿನ್ಯೂ ಒತ್ತಿದ ಕೂಡಲೇ ‘^ ರನ್ನಿಂಗ್’ ಬರುತ್ತದೆ. ‘* ಸ್ಟಾಪ್ಡ್’ ಬರುವುದು ನೀರು ಏರಿ ಫ್ಲೋಟ್ ಸ್ವಿಚ್ ಮೇಲೆದ್ದಾಗ. ಐದು ನಿಮಿಷ ಆದೀತು, ಅರ್ಧ ಗಂಟೆಯೂ ಆದೀತು. ಅಷ್ಟು ಹೊತ್ತು ಉತ್ತರಕ್ಕೆ ಕಾಯುತ್ತಾ ಸ್ಕ್ರೀನ್ ಹ್ಯಾಂಗ್ ಆದರೆ ಆ ಟೂಲ್ ಯಾರಿಗೂ ಬೇಡ. ಆದ್ದರಿಂದ ಜಿಡಿಬಿಯ ಸಾಲು ಓದಲಿಕ್ಕೆ ಬೇರೆಯೇ ಥ್ರೆಡ್ (ಜೊತೆಜೊತೆಗೇ ಓಡುವ ಇನ್ನೊಂದು ಕೆಲಸ) ಇಡಿ. ಪ್ರೋಗ್ರಾಮ್ ಓಡಿಸುವ ಮೊದಲೇ ‘ಎಂಐ-ಅಸಿಂಕ್’ ಎಂಬ ಸೆಟ್ಟಿಂಗ್ ಆನ್ ಮಾಡಿ, ಇಲ್ಲದಿದ್ದರೆ ನಿಮ್ಮ ನಿಲ್ಲಿಸುವ ಬಟನ್ನಿನ ಆದೇಶ ಜಿಡಿಬಿಗೆ ಕೇಳಿಸುವುದಿಲ್ಲ.

ನೀವು ಡೀಬಗ್ ಮಾಡುವ ಪ್ರೋಗ್ರಾಮ್ ಅದೇ ಕಂಪ್ಯೂಟರಿನಲ್ಲಿ ಓಡುವುದಾದರೆ ಅದರ ಔಟ್‌ಪುಟ್ಟಿಗೆ ಬೇರೆ ಟಿಟಿವೈ (ಟರ್ಮಿನಲ್) ಕೊಡಿ, ಎಂಐ ಸಾಲುಗಳ ಮಧ್ಯೆ ಬೆರೆಯಬಾರದು. ಬಳಕೆದಾರರಿಗೆ ಪೂರ್ತಿ ಜಿಡಿಬಿ ಕನ್ಸೋಲ್ ಬೇಕಾದರೆ 2016ರ 7.12ರಿಂದ ‘ನ್ಯೂ-ಯುಐ’ ಆದೇಶ ಉಂಟು: ಕನ್ಸೋಲ್ ಒಂದು ಟರ್ಮಿನಲಿನಲ್ಲಿ, ಎಂಐ ಇನ್ನೊಂದರಲ್ಲಿ.

ಡಿಎಪಿ ಬಗ್ಗೆಯೂ ಕೇಳಿದ್ದೀರಿ. ವಿಎಸ್ ಕೋಡ್ ಎಡಿಟರಿಗಾಗಿ ಮೈಕ್ರೋಸಾಫ್ಟ್ ಮಾಡಿದ ಆ ಡೀಬಗ್ ಅಡಾಪ್ಟರ್ ಪ್ರೋಟೋಕಾಲ್ 2023ರ ಜಿಡಿಬಿ 14ರಿಂದ ಒಳಗೇ ಬಂದಿದೆ. ಸಂದೇಶಗಳು ಜೇಸನ್ ಎಂಬ ಎಲ್ಲೆಡೆ ಬಳಸುವ ರೂಪದಲ್ಲಿವೆ, ಅವನ್ನು ಬಿಡಿಸಿ ಓದುವ ಪಾರ್ಸರನ್ನು ನೀವೇ ಬರೆಯುವ ತಲೆನೋವಿಲ್ಲ, ನಾಳೆ ಪೈಥಾನ್ ಡೀಬಗ್ಗರನ್ನೂ ಜೋಡಿಸಬಹುದು. ಹೊಸ ಜಿಡಿಬಿ ನಿಮ್ಮ ಕೈಯಲ್ಲಿದ್ದರೆ ಅದನ್ನೇ ಹಿಡಿಯಿರಿ. ಆದರೆ ಜಿಡಿಬಿಯ ಡಿಎಪಿಗೆ ಅದರೊಳಗೆ ಪೈಥಾನ್ ಇರಬೇಕು; ಚಿಪ್ ಕಂಪನಿ ಕೊಟ್ಟ ಹಳೆಯ ಜಿಡಿಬಿಯೋ ಪೈಥಾನ್ ಇಲ್ಲದ್ದೋ ಆದರೆ ಎಂಐ ಬಿಟ್ಟರೆ ಗತಿಯಿಲ್ಲ. ನಿಮ್ಮದು ಯಾವ ಆವೃತ್ತಿ ಎಂದು ಬರೆಯಿರಿ, ತಪ್ಪು ಸಾಲು ತೋರಿಸುವ ಹೊತ್ತಿನ ಎಂಐ ಲಾಗನ್ನೂ ಹಾಕಿ, ನೋಡುವ.