ಮಾರುತಿ ಓಮ್ನಿ ವ್ಯಾನಿಗೆ ಮಂಚ, ಅಡುಗೆಕಟ್ಟೆ ಕೂರಿಸಿದರೆ ಕೆಲಸಕ್ಕೂ ಕ್ಯಾಂಪಿಂಗಿಗೂ ಆಗುತ್ತಾ?

ಒಂದೂವರೆ ಲಕ್ಷ ಹಾಕಿ ಮಾಡಿಸಲಾ ಅಂತ ಕೇಳಿದ್ದೀರಿ. ಬೇಡ. ನಾನು ಹದಿನೆಂಟು ಸಾವಿರಕ್ಕೇ ಕೈ ಸುಟ್ಟುಕೊಂಡವಳು.

ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ನನ್ನದು ಹೊಲಿಗೆ ಅಂಗಡಿ, ಶಾಲೆಗಳಿಗೆ ಯೂನಿಫಾರ್ಮ್ ಹೊಲಿದು ಕೊಡ್ತೀನಿ. 2009ರ ಓಮ್ನಿ, ಐದು ಸೀಟಿನದು. ವಾರವೆಲ್ಲ ಬಟ್ಟೆ ಗಂಟು ಹೊರುತ್ತೆ, ಶನಿವಾರ ಸಂಜೆ ಮಗಳನ್ನು ಕೂರಿಸಿಕೊಂಡು ಶರಾವತಿ ಹಿನ್ನೀರಿನ ಹೊನ್ನೇಮರಡು ಕಡೆಗೋ ಹೊನ್ನಾವರ ಕಡೆಗೋ ಹೊರಡೋದು. ಹಿಂದಿನ ಸೀಟು ಮಡಚಿ, ತಗ್ಗಿದ್ದ ಕಡೆ ಬಟ್ಟೆ ಗಂಟು ತುಂಬಿ, ಮೇಲೆ ಜಮಖಾನ. ಚೆನ್ನಾಗೇ ನಿದ್ದೆ ಬರ್ತಿತ್ತು. ಸಿಗಂದೂರಿಗೆ ಲಾಂಚಿನಲ್ಲಿ ಗಾಡಿ ಹತ್ತಿಸಿ ಹಿನ್ನೀರು ದಾಟೋದು ಅಂದರೆ ಮಗಳಿಗೆ ಜೋಗಕ್ಕಿಂತ ಖುಷಿ. (2025ರಲ್ಲಿ ಸೇತುವೆ ಆಯ್ತು, ಊರಿಗೆ ಒಳ್ಳೇದೇ, ಆದರೂ ಆ ಮಜಾ ಹೋಯ್ತು.)

2018ರಲ್ಲಿ ಯಾರದೋ ವಿಡಿಯೋ ನೋಡಿ ತಲೆ ಕೆಟ್ಟಿತು. ಹಿಂದಿನ ಸೀಟು ಬಿಚ್ಚಿ ಅಟ್ಟಕ್ಕೆ ಹಾಕಿ, ಬಡಗಿ ಹತ್ತಿರ ಪ್ಲೈವುಡ್ ಪೆಟ್ಟಿಗೆ ಮಾಡಿಸಿದೆ. ಮುಚ್ಚಳವೇ ಮಂಚ. ಅದರ ಮೇಲೆ ಅಂಟು ಬಳಿದು ಕೂರಿಸಿದ ಫೋಮು, ಮೇಲೊಂದು ರೆಕ್ಸಿನ್. ನೋಡೋಕೆ ಬಹಳ ಅಂದ.

ಜೂನ್ ಮೊದಲ ವಾರ, ಮಳೆ ಶುರುವಾಗಿತ್ತು. ಪೆಟ್ಟಿಗೆ ಒಳಗೆ ಮೂವತ್ತೆಂಟು ಬಿಳಿ ಶರ್ಟು, ಮುಂದಿನ ಸೋಮವಾರ ಶಾಲೆಗೆ ಕೊಡಬೇಕಾದವು. ಇಳಿಸೋಕೆ ಸೋಮಾರಿತನ, ಹಾಗೇ ಹೊರಟೆವು. ರಾತ್ರಿ ಇರುಚಲು, ಸೊಳ್ಳೆ ಬೇರೆ, ನಾಲ್ಕೂ ಕಡೆ ಗಾಜು ಬಿಗಿಯಾಗಿ ಏರಿಸಿ ಮಲಗಿದೆವು. ಒದ್ದೆ ರೈನ್‌ಕೋಟೂ ಒಳಗೇ. ಬೆಳಿಗ್ಗೆ ತಗಡಿನಿಂದ ಹನಿ ಹನಿ ಬೀಳ್ತಿತ್ತು. ಮಾಡು ಸೋರುತ್ತಿದೆ ಅಂದುಕೊಂಡೆ! ಮರುದಿನ ಮೆಕ್ಯಾನಿಕ್ ಹತ್ತಿರ ಬಾಗಿಲಿನ ರಬ್ಬರೆಲ್ಲ ಬದಲಾಯಿಸಿ, ಒಳಗೆ ಇನ್ನೂ ಗಾಳಿಯಾಡದ ಹಾಗೆ ಮಾಡಿಸಿಕೊಂಡು ಬಂದೆ. ದಡ್ಡತನಕ್ಕೂ ಒಂದು ಮಿತಿ ಬೇಡವಾ?

ಅದು ನಮ್ಮದೇ ಉಸಿರು ಕಣ್ರೀ. ಇಬ್ಬರು ರಾತ್ರಿಯಿಡೀ ಬಿಡುವ ಉಸಿರಿನ ಹಸಿ ತಣ್ಣಗಿನ ತಗಡಿಗೆ ತಾಗಿ ನೀರಾಗುತ್ತೆ. ಗಾಜಿನ ಮೇಲಿನದನ್ನು ಒರೆಸಬಹುದು. ಫೋಮಿನ ಅಡಿಯದ್ದು ಕಾಣೋದೇ ಇಲ್ಲ. ಮೈ ಬಿಸಿಗೆ ಹಸಿ ಕೆಳಗಿಳಿದು ಪ್ಲೈವುಡ್ ತಣ್ಣಗಿದ್ದಲ್ಲಿ ನಿಲ್ಲುತ್ತೆ, ಗಾಳಿ ಆಡೋಕೆ ಒಂದು ಬೆರಳು ಸಂದಿಯೂ ಇಲ್ಲ. ಕೆಳಗೆ ಪೆಟ್ಟಿಗೆಯಲ್ಲಿ ಹತ್ತಿ ಬಟ್ಟೆ, ಕೇಳಬೇಕಾ, ಹೀರಿಕೊಂಡಿತು. ಗಾಡಿ ವಾರವಿಡೀ ಮುಚ್ಚಿಯೇ ನಿಂತಿತ್ತು. ಭಾನುವಾರ ಮುಚ್ಚಳ ತೆಗೆದರೆ ಗಪ್ ಅಂತ ವಾಸನೆ, ಕಾಲರಿನ ಮಡಿಕೆಯಲ್ಲೆಲ್ಲ ಸಾಸಿವೆ ಚೆಲ್ಲಿದ ಹಾಗೆ ಬೂಷ್ಟು. ಅಷ್ಟೂ ಶರ್ಟು ಮತ್ತೆ ಹೊಲಿದೆ. ಆ ಶಾಲೆ ಮರುವರ್ಷ ನನಗೆ ಆರ್ಡರ್ ಕೊಡಲಿಲ್ಲ. ಮಳೆಗಾಲ ಕಳೆದು ಪೆಟ್ಟಿಗೆ ಕಿತ್ತರೆ ರಬ್ಬರ್ ಮ್ಯಾಟಿನ ಅಡಿ ತುಕ್ಕು ಹಿಡಿದು, ಬೆರಳು ತೂರುವಷ್ಟು ತೂತು. ತಗಡು ಬೆಸೆಸೋಕೆ ಮತ್ತೆ ನಾಲ್ಕು ಸಾವಿರ.

ಈಗ ಮಡಚಿದ ಸೀಟಿನ ಮೇಲೆ ಆರು ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ಅಡ್ಡ ಇಡ್ತೀನಿ, ಮೇಲೆ ತೆಳು ನಾರಿನ ಹಾಸಿಗೆ. ಎದುರುಬದುರು ಎರಡು ಗಾಜು ಎರಡೆರಡು ಬೆರಳು ಇಳಿಸಿ, ಸೊಳ್ಳೆ ಪರದೆ ತುಂಡು ಸಿಕ್ಕಿಸೋದು. ಬೆಳಿಗ್ಗೆ ಎಲ್ಲ ಎತ್ತಿ ಬಿಸಿಲಿಗೆ. ಓಮ್ನಿಯ ಇಂಜಿನ್ ಮುಂದಿನ ಸೀಟಿನ ಅಡಿಯಲ್ಲೇ ಇರೋದಲ್ವಾ, ಒದ್ದೆ ಸಾಕ್ಸ್ ಅಲ್ಲೇ ಹಾಕಿದರೆ ಮನೆ ತಲುಪೋದರೊಳಗೆ ಗರಿಗರಿ. ಸಾಕ್ಸಿಗೆ ಉಂಬಳ (ಜಿಗಣೆ) ಹತ್ತಿದೆಯಾ ಅಂತ ಮಾತ್ರ ಮೊದಲು ನೋಡಿಕೊಳ್ಳಿ.

ಅಡುಗೆಕಟ್ಟೆ ಯಾಕೆ? ಗಾಡಿ ಒಳಗೆ ಒಲೆ ಹಚ್ಚಲೇಬಾರದು, ಮುಚ್ಚಿದ ಜಾಗದಲ್ಲಿ ಅದರ ವಿಷಗಾಳಿ ಜೀವ ತೆಗೆಯುತ್ತೆ. ಹೊರಗೆ ಕಲ್ಲಿನ ಮೇಲೆ ಸಣ್ಣ ಸ್ಟವ್ ಇಟ್ಟು ಚಹಾ ಮಾಡಿ, ಊಟಕ್ಕೆ ಮನೆಯ ಬುತ್ತಿ. ಇನ್ನು ಕಂಪನಿಯ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. 2024ರಲ್ಲಿ ಹದಿನೈದು ವರ್ಷ ತುಂಬಿ ಆರ್‌ಸಿ ನವೀಕರಣಕ್ಕೆ ಹೋದಾಗ, ಅಟ್ಟದ ಸೀಟು ಎಂದೋ ವಾಪಸ್ ಕೂರಿಸಿದ್ದೆನಲ್ಲ ಅಂತ ನಿಟ್ಟುಸಿರು ಬಿಟ್ಟೆ.

ಹಾಂ, ನಿಮ್ಮ ಎತ್ತರ ಆರಡಿ ಅಂತ ಬರೆದಿದ್ದೀರಿ. ಓಮ್ನಿ ತುದಿಯಿಂದ ತುದಿಗೇ ಹನ್ನೊಂದಡಿ, ಅದರಲ್ಲಿ ಮುಂದಿನ ಸೀಟಿನ ಜಾಗ ಕಳೆಯಿರಿ. ನಾನು ಐದಡಿ ಒಂದಿಂಚು, ನಾನೇ ಓರೆಯಾಗಿ ಮಲಗೋದು. ಬಡಗಿಯನ್ನು ಕರೆಯೋ ಮೊದಲು ಇವತ್ತು ರಾತ್ರಿ ಮನೆ ಅಂಗಳದಲ್ಲೇ ಅದರಲ್ಲಿ ಮಲಗಿ ನೋಡಿ.